ಎಪ್ಪತ್ತೆರಡು ಗಂಟೆ

2021ರ ನವೆಂಬರಿನ ಅಕಾಲವೃಷ್ಟಿಗೆ ತುಮಕೂರು ಸೀಮೆಯ ರಾಗಿಯ ಹೊಲಗಳು ನೆನೆದವು. ಕೊಯ್ದು ಹರವಿದ್ದ ತೆನೆಗಳಲ್ಲಿ ಮೊಳಕೆಯೊಡೆದುದನ್ನು ಕಂಡು ಮುದುಕನೊಬ್ಬನು ಬದುವಿನ ಮೇಲೆಯೇ ಕುಳಿತುಬಿಟ್ಟನು.

ದುಃಖಕ್ಕೂ ಗಡುವುಂಟು! 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು, ಕೊಯ್ದು ಹೊಲದಲ್ಲೇ ಒಣಗಹಾಕಿದ ಬೆಳೆಯನ್ನು 14 ದಿನಗಳವರೆಗೆ ರಕ್ಷಿಸುತ್ತದೆ. ಆದರೆ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಮಗನು ವಿಮಾ ಕಂಪನಿಗೆ ಫೋನು ಮಾಡಿ ಸರ್ವೆ ನಂಬರು, ಕೊಯ್ಲಿನ ದಿನ, ಮಳೆಯ ದಿನಗಳನ್ನು ಹೇಳಿದನು.

ಅಷ್ಟರಲ್ಲಿ ಮುದುಕನು ತೆನೆ ಮಗುಚಲು ಎದ್ದನು.

“ಅಪ್ಪಾ, ಮುಟ್ಟಬೇಡ. ಸಮೀಕ್ಷೆಗೆ ಬರೋರು ನೋಡ್ಬೇಕು.”

“ಅವರು ಬರೋಗಂಟ ದನಕ್ಕೆ ಹುಲ್ಲಾದ್ರೂ ಉಳೀಬೇಡ್ವೇನ್ಲಾ?”

ಮಗನಿಗೆ ಮರುಮಾತು ಹೊರಡಲಿಲ್ಲ. ಮೊಬೈಲಿನಲ್ಲಿ ನಾಲ್ಕಾರು ಚಿತ್ರ ತೆಗೆದುಕೊಂಡು ತಾನೂ ಬಾಗಿದನು. ಹೊಲದ ಒಂದು ಮೂಲೆಯನ್ನು ಮಾತ್ರ, ಬರುವವರಿಗಾಗಿ, ಇದ್ದಂತೆಯೇ ಬಿಟ್ಟರು.