ಅಪ್ಪನ ಬಂಗಾರದ ಗಡಿಯಾರ

ತೀರ್ಥರೂಪರ ಕೈಗಡಿಯಾರವೊಂದು ಇಚಲಕರಂಜಿಯ ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು. ಬಂಗಾರದ ಬಣ್ಣದ ಓಮೆಗಾ. 1946ರಲ್ಲಿ ಅವರ ಲಗ್ನದಲ್ಲಿ ಮಾವನವರು, ಅಂದರೆ ನಮ್ಮ ಅಜ್ಜ, ಉಡುಗೊರೆಯಾಗಿ ಕೊಟ್ಟುದೆಂದು ನಾವು ನಂಬಿದ್ದೆವು. ಮೊಮ್ಮಗನ ಲಗ್ನ ನಿಶ್ಚಯವಾದಾಗ, ಅದನ್ನು ಅವನಿಗೆ ಕೊಡುವ ಮುನ್ನ ಬೆಲೆಯನ್ನೂ ವಯಸ್ಸನ್ನೂ ತಿಳಿಯಬೇಕೆನಿಸಿತು.

ಕೊಲ್ಲಾಪುರದ ಗುಜರಿಗೆ, ಅಂದರೆ ಅಲ್ಲಿಯ ಸರಾಫರ ಪೇಟೆಗೆ, ಒಯ್ದೆವು. ಪತ್ತಾರರು ಮುಚ್ಚಳದ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದರು. ಅಂದಿನ ಸ್ವಿಟ್ಜರ್ಲೆಂಡಿನ 18 ಕ್ಯಾರೆಟ್ ಬಂಗಾರದ ಗಡಿಯಾರಗಳ ಮೇಲೆ ಹೆಲ್ವೆಟಿಯಾ ಎಂಬ ಸ್ತ್ರೀಶಿರದ ಪುಟ್ಟ ಮುದ್ರೆ ಇರುತ್ತಿತ್ತು. 1995ರವರೆಗೂ ಆ ರೂಢಿ ನಡೆಯಿತು. ಇದರಲ್ಲಿ ಅದಿಲ್ಲ. ಪಟ್ಟಿ ಉಜ್ಜಿದಲ್ಲಿ ಬಿಳಿಯ ಲೋಹ ಇಣುಕುತ್ತಿತ್ತು. “ಇದು ಗಿಲೀಟು” ಎಂದರವರು. ನಮಗೆ ನಾಚಿಕೆಯಾಯಿತು. ಅಜ್ಜ ಅಳಿಯನಿಗೆ ಗಿಲೀಟನ್ನು ಬಂಗಾರವೆಂದು ಕೊಟ್ಟರೆ?

ವಯಸ್ಸನ್ನಾದರೂ ತಿಳಿಯೋಣವೆಂದು ಇಚಲಕರಂಜಿಯ ಗಡಿಯಾರ ದುರಸ್ತಿಯವರಲ್ಲಿ ಬಿಚ್ಚಿಸಿದೆವು. ಓಮೆಗಾದ ಯಂತ್ರದ ಮೇಲೆಯೇ ಕ್ರಮಾಂಕ ಕೊರೆದಿರುತ್ತದೆ. ಆ ಎಣಿಕೆ 1944ರ ಸುಮಾರಿಗೆ ಒಂದು ಕೋಟಿ, 1947ಕ್ಕೆ ಒಂದು ಕೋಟಿ 10 ಲಕ್ಷ, 1952ಕ್ಕೆ ಒಂದು ಕೋಟಿ 30 ಲಕ್ಷ ಮುಟ್ಟಿತ್ತು. ನಮ್ಮದು ಒಂದು ಕೋಟಿ 31 ಲಕ್ಷದ್ದು. 1946ರ ಲಗ್ನದಲ್ಲಿ ಈ ಗಡಿಯಾರ ಹುಟ್ಟಿಯೇ ಇರಲಿಲ್ಲ! ಅಜ್ಜನ ಮೇಲಿನ ಸಂಶಯ ನೀಗಿತು; ಆದರೆ ಅವರು ಕೊಟ್ಟುದು ಎಲ್ಲಿ ಹೋಯಿತು?

ಗಡಹಿಂಗ್ಲಜದಲ್ಲಿ ನಮ್ಮ ಸೋದರತ್ತೆ ಇದ್ದಾರೆ. ತೊಂಬತ್ತು ದಾಟಿದ ಜೀವ. 1951ರಲ್ಲಿ ಲಗ್ನವಾಗಿ ಆ ಊರಿಗೆ ಬಂದವರು. ಗಡಿಯಾರವನ್ನು ಅವರ ಅಂಗೈಯಲ್ಲಿಟ್ಟೆವು. ಬಹಳ ಹೊತ್ತು ಮಾತಾಡಲಿಲ್ಲ.

“ನಿಮ್ಮಜ್ಜ ಕೊಟ್ಟಿದ್ದು ಅಪ್ಪಟ ಬಂಗಾರದ್ದು, ತಮ್ಮಾ. ನನ್ನ ಲಗ್ನಕ್ಕ ರೊಕ್ಕ ಸಾಲಲಿಲ್ಲಂತ ಅಣ್ಣ ಅದನ್ನ ಮಾರಿದ. ಮಾವಗ ತಿಳೀಬಾರದಂತ ಎರಡು ವರ್ಷ ತುಂಬುತೋಳಿನ ಅಂಗೀನ ಹಾಕ್ಕೊಂಡು ಅಡ್ಡಾಡಿದ. ಆಮ್ಯಾಲ ಇದನ್ನ ತಂದ. ನಿಮ್ಮವ್ವಗ ಎಲ್ಲಾ ಗೊತ್ತಿತ್ತು.”

ನಮ್ಮ ತಾಯಿ ಈ ಮಾತನ್ನು ಕೊನೆಯವರೆಗೂ ಆಡಿರಲಿಲ್ಲ. ಪಡಸಾಲೆಯಲ್ಲಿ ತೂಗುಹಾಕಿದ ಭಾವಚಿತ್ರದಲ್ಲಿ ಅಪ್ಪನ ತೋಳಿನ ಗುಂಡಿ ಮಣಿಕಟ್ಟಿನವರೆಗೂ ಬಿಗಿದಿದೆ. ಅದನ್ನು ನಾವು ಶಿಸ್ತೆಂದು ತಿಳಿದಿದ್ದೆವು.

ವಾಚಕರ ಮನೆಗಳಲ್ಲಿಯೂ ಇಂಥ ಹಳೆಯ ಗಡಿಯಾರಗಳಿರಬಹುದು. ಪಳಗಿದ ಕೈಯಿಂದ ಬಿಚ್ಚಿಸಿ ಯಂತ್ರದ ಕ್ರಮಾಂಕವನ್ನು ಬರೆದಿಟ್ಟುಕೊಳ್ಳಿರಿ. ಅದು ತಯಾರಾದ ವರ್ಷವನ್ನು ಮಾತ್ರ ಹೇಳುತ್ತದೆ. ಉಳಿದುದನ್ನು ಹೇಳುವ ಹಿರಿಯರು ಇರುವಾಗಲೇ ಕೇಳಿರಿ.

ಮೊಮ್ಮಗನಿಗೆ ಗಿಲೀಟಿನ ಗಡಿಯಾರವನ್ನೇ ಕೊಟ್ಟೆವು. ಕೊಡುವಾಗ ಅತ್ತೆಯ ಮಾತನ್ನೂ ಹೇಳಿದೆವು.