ವ್ಯಾನಿನ ವಿಕ್ರಯ

ಮನೆಯಲ್ಲಿ ಒಬ್ಬ ಮಗ ಬಿ.ಎ. ಓದುತ್ತಿದ್ದಾನೆಂದರೆ ಬರೆಯುವ ಕೆಲಸವೆಲ್ಲ ಅವನಿಗೇ ಕಟ್ಟಿಟ್ಟ ಬುತ್ತಿ. ಗ್ಯಾಸಿನ ಅರ್ಜಿಯಿಂದ ಸೋದರತ್ತೆಯ ಮಗಳ ಲಗ್ನಪತ್ರಿಕೆಯವರೆಗೆ ನನ್ನ ಲೇಖನಿ ನಮ್ಮ ಮನೆತನಕ್ಕೆ ಸಲ್ಲಿಸಿರುವ ಸೇವೆ ಅಷ್ಟಿಷ್ಟಲ್ಲ. ಹೀಗಿರಲು, ನಮ್ಮ ಹಳೆಯ ವ್ಯಾನನ್ನು ಮಾರುವುದೆಂದು ತೀರ್ಮಾನವಾದಾಗ ಅದರ ಜಾಹೀರಾತು ಬರೆಯುವ ಭಾರವೂ ನನ್ನ ಮೇಲೆಯೇ ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ವ್ಯಾನೆಂದರೆ ಮಾರುತಿ ಓಮ್ನಿ. ಪಕ್ಕಕ್ಕೆ ಜಾರುವ ಬಾಗಿಲಿನ, ಮೂತಿಯೇ ಇಲ್ಲದ, ಪೆಟ್ಟಿಗೆಯಂಥ ಆ ಗಾಡಿಯನ್ನು ಕಾಣದವರಾರು? 1984ರಲ್ಲಿ ಮಾರುತಿ ವ್ಯಾನೆಂದು ಹುಟ್ಟಿ, 1988ರಲ್ಲಿ ಓಮ್ನಿಯೆಂದು ನಾಮಕರಣ ಮಾಡಿಸಿಕೊಂಡ ಅದರ ತಯಾರಿಕೆ 2019ರಲ್ಲಿ ನಿಂತಿತು. ನಮ್ಮದು 2012ರದು. ಅಪ್ಪ ಅದನ್ನು ಕೊಂಡದ್ದೂ ಇನ್ನೊಬ್ಬರ ಕೈಯಿಂದಲೇ. ಹಿಂದಿನ ಸೀಟು ಕಿತ್ತು, ದಿನವೂ ನಸುಕಿನಲ್ಲಿ ಮಡಿವಾಳದ ಮಾರುಕಟ್ಟೆಯಿಂದ ಬೊಮ್ಮನಹಳ್ಳಿಯ ನಮ್ಮ ಅಂಗಡಿಗೆ ತರಕಾರಿ ತರುತ್ತಿದ್ದರು. ನನ್ನ ಪುಸ್ತಕದ ಹಣವೆಲ್ಲ ಕೊತ್ತಂಬರಿ ಕಟ್ಟುಗಳ ಜೊತೆಗೆ ಅದೇ ವ್ಯಾನಿನಲ್ಲಿ ಬಂದದ್ದೆಂದರೂ ತಪ್ಪಿಲ್ಲ.

ಈ ಗಾಡಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆದ್ದರಿಂದ ಅದಕ್ಕೆ ಜ್ವರ ಬಂದರೆ ಮೊದಲು ತಿಳಿಯುವುದು ಕುಳಿತವನಿಗೆ! ಒಂದು ದಿನ ಸಿಲ್ಕ್ ಬೋರ್ಡಿನ ವಾಹನಗಳ ಜಂಗುಳಿಯಲ್ಲಿ ಸೀಟು ಕಾದ ಹೆಂಚಾಯಿತು. ಹಿಂದೆ ಬಿಳಿಯ ಹೊಗೆ. ಮೆಕ್ಯಾನಿಕ್ಕು ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಆಯಿಲಿಗೆ ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣ ಬಂದಿತ್ತು. “ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, 15,000 ಆಗತ್ತೆ” ಎಂದ. ನೀರನ್ನೂ ಆಯಿಲನ್ನೂ ಬೇರೆಬೇರೆಯಾಗಿ ಇಡುವ ಒಂದು ತೆಳು ಹಾಳೆಗೆ ಇಷ್ಟೊಂದು ಬೆಲೆ! ಅಪ್ಪನ ಬಳಿ ಅಷ್ಟು ಹಣವಿರಲಿಲ್ಲ. ತಂಗಿಯ ಕಾಲೇಜಿನ ಶುಲ್ಕಕ್ಕೆ ಉಳಿದಿದ್ದುದು ಒಂದೇ ವಾರ.

ಬ್ರೋಕರೊಬ್ಬ ಉಪಾಯ ಹೇಳಿಕೊಟ್ಟ: “ಹೊಸ ಆಯಿಲ್ ಹಾಕಿ, ನೀರು ತುಂಬಿ, ತಣ್ಣಗಿದ್ದಾಗ ತೋರಿಸಿ. ಒಂದು ಸುತ್ತಿಗಿಂತ ಹೆಚ್ಚು ಓಡಿಸೋಕೆ ಬಿಡಬೇಡಿ.” ನಾನು ಮನೆಗೆ ಬಂದವನೇ, “ಸುಸ್ಥಿತಿಯಲ್ಲಿರುವ ಓಮ್ನಿ ಮಾರಾಟಕ್ಕಿದೆ, ಬೆಲೆ 1,20,000 ರೂಪಾಯಿ” ಎಂದು ದುಂಡಗೆ ಬರೆದೆ.

“ಓದಪ್ಪಾ, ಕೇಳೋಣ” ಎಂದರು ಅಪ್ಪ. ಓದಿದೆ.

“ಸುಸ್ಥಿತಿ ಅಂದ್ರೆ?”

“ಚೆನ್ನಾಗಿದೆ ಅಂತ.”

“ಚೆನ್ನಾಗಿದ್ರೆ ನಾವ್ಯಾಕೆ ಮಾರ್ತಿದ್ದೀವಿ?”

ನನ್ನ ಮೂರು ವರ್ಷದ ಓದಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನಮ್ಮಂಗಡೀಲಿ ಕೊಳೆತ ಟೊಮೇಟೊ ಬೇರೆ ಬುಟ್ಟಿಗೆ ಹಾಕ್ತೀನಲ್ಲ, ಇದೂ ಹಾಗೇನೇ. ಗ್ಯಾಸ್ಕೆಟ್ ಹೋಗಿದೆ ಅಂತ ಬರಿ” ಎಂದರು. ಆ ಸುಂದರವಾದ ಪದವನ್ನು ಹೊಡೆದುಹಾಕುವಾಗ ನನಗೆ ಕೋಪವೇ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆನೇಕಲ್ ಕಡೆಯ ಹುಡುಗನೊಬ್ಬ ಬಂದ. ಹೂವಿನ ವ್ಯಾಪಾರಕ್ಕೆ ಗಾಡಿ ಬೇಕಾಗಿತ್ತಂತೆ. ಅಪ್ಪ ಒಂದೊಂದಾಗಿ ರೋಗವನ್ನೆಲ್ಲ ಹೇಳಿದರು. ಹುಡುಗ ಸುಮ್ಮನೆ ಹೊರಟುಹೋದ. ಆ ರಾತ್ರಿ ನಾನು ಅಪ್ಪನೊಡನೆ ಮಾತನಾಡಲಿಲ್ಲ. ಶುಲ್ಕಕ್ಕೆ ಇನ್ನು ಮೂರೇ ದಿನ!

ಮರುದಿನ ಅವನೇ ತನ್ನ ಮೆಕ್ಯಾನಿಕ್ಕನ್ನು ಕರೆತಂದ. “ಯಜಮಾನ್ರೇ, ನೀವು ಹೇಳಿದ್ದು ಬಿಟ್ಟು ಬೇರೇನೂ ಇಲ್ವಂತೆ” ಎಂದು ನಕ್ಕ. 18,000 ಇಳಿಸಿ, 1,02,000ಕ್ಕೆ ಮಾತು ಮುಗಿಯಿತು.

ಕೀಲಿ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಮುಂದೆ ಅಪಘಾತವಾದಾಗ ಪರಿಹಾರದ ಹೊಣೆ ಹಳೆಯ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಮಾರಿದವನು 14 ದಿನಗಳೊಳಗೆ ತಿಳಿಸಬೇಕೆಂಬುದು ಕಾನೂನು. ಫಾರಂ 29ನ್ನೂ 30ನ್ನೂ ನಾನೇ ಓದಿ, ಅಪ್ಪನಿಗೂ ಆ ಹುಡುಗನಿಗೂ ಅರ್ಥ ಹೇಳಿ, ತುಂಬಿಸಿದೆ. ಅಪ್ಪ ನಿಧಾನವಾಗಿ, ಅಕ್ಷರ ಅಕ್ಷರವಾಗಿ ರುಜು ಹಾಕಿದರು. ನನ್ನ ಓದು ಮನೆಗೆ ಉಪಯೋಗಕ್ಕೆ ಬಂದಿತೆಂದು ಅಂದು ಮೊದಲ ಬಾರಿ ಅನ್ನಿಸಿತು. ಜಾಹೀರಾತು ಬರೆದಾಗ ಹಾಗೆ ಅನ್ನಿಸಿರಲಿಲ್ಲ.

ಶುಲ್ಕ ಕಟ್ಟಿದ್ದಾಯಿತು. ಈಗ ಅಪ್ಪ ಇನ್ನಿಬ್ಬರು ಅಂಗಡಿಯವರೊಡನೆ ಸೇರಿ ಬಾಡಿಗೆಯ ಗೂಡ್ಸ್ ಆಟೋದಲ್ಲಿ ತರಕಾರಿ ತರುತ್ತಾರೆ. ವ್ಯಾನು ಹೋದ ದಿನದ ಒಂದು ಚಿತ್ರ ಮಾತ್ರ ಕಣ್ಣಿಗೆ ಕಟ್ಟಿದೆ. ಬೇಗೂರು ರಸ್ತೆಯ ಗ್ಯಾರೇಜಿಗೆ ಹೊರಡುವ ಮೊದಲು ಆ ಹುಡುಗ ಬಕೆಟ್ಟು ಕೇಳಿ ಪಡೆದು, ರೇಡಿಯೇಟರಿಗೆ ನೀರು ಹೊಯ್ದುಕೊಂಡ. ಹೇಳಿದ್ದರಿಂದ ತಾನೆ ಅವನಿಗೆ ಗೊತ್ತಿದ್ದುದು!