ಎರಡು ತಿಂಗಳ ಮರುಭೂಮಿ

ಹುಬ್ಬಳ್ಳಿಗೆ ಹತ್ತಿರದ ಮರುಭೂಮಿ ಯಾವುದು ಅಂತ ಕೇಳಿದರೆ ಭೂಗೋಳದ ಮಾಸ್ತರರು ರಾಜಸ್ಥಾನದ ಕಡೆ ಕೈ ತೋರಿಸುತ್ತಾರೆ. ಶಿವರಾತ್ರಿ ಕಳೆದ ಮೇಲೆ ಕೇಳಿ ನೋಡಿ, ನಾನು ಕುಸುಗಲ್ಲಿನ ಕಡೆ ತೋರಿಸುತ್ತೇನೆ. ಕೇಶ್ವಾಪುರ ದಾಟಿ, ಕುಸುಗಲ್ಲ ದಾಟಿ, ನವಲಗುಂದದ ಡಾಂಬರು ರಸ್ತೆ ಬಿಟ್ಟು ಬಲಕ್ಕೋ ಎಡಕ್ಕೋ ಸಿಕ್ಕ ಚಕ್ಕಡಿ ದಾರಿಗೆ ಸೈಕಲ್ ಇಳಿಸಿದರೆ ಮುಗಿಯಿತು. ಕಡ್ಲಿ ಕಿತ್ತಾಗಿದೆ, ಬಿಳಿಜೋಳದ ರಾಶಿ ಮನೆ ಸೇರಿದೆ, ಕುಸುಬಿಯ ಹಳದಿಯೂ ಇಲ್ಲ. ಉಳಿದದ್ದು ಕರಿ ನೆಲ, ಅದರ ಮೇಲೆ ನೇರವಾಗಿ ಆಕಾಶ. ಎರಡರ ನಡುವೆ ಒಂದು ಗಿಡ ಬೇಕೆಂದರೂ ಹುಡುಕಬೇಕು. ಯುಗಾದಿಯ ಹಿಂದೆ ಮುಂದೆ ಸುಮಾರು ಎರಡು ತಿಂಗಳು ಈ ಎರಿ ಸೀಮೆ ಮರುಭೂಮಿಯ ವೇಷ ಹಾಕಿಕೊಂಡಿರುತ್ತದೆ. ವೇಷ ಅಂತ ಗೊತ್ತಿದ್ದೂ ಬೆರಗಾಗುವುದು ತಪ್ಪುವುದಿಲ್ಲ.

ನನ್ನದು ಗ್ರ್ಯಾವೆಲ್ ಬೈಕ್. ಹ್ಯಾಂಡಲ್ಲು ರೇಸ್ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿದ್ದು, ಟಾಯರು ಮಾತ್ರ 40 ಮಿಲಿಮೀಟರಿಗೂ ದಪ್ಪ. ಗಾಳಿಯನ್ನು ಕಮ್ಮಿ ತುಂಬಿದರೆ ಸಣ್ಣ ಕಲ್ಲುಗಳನ್ನು ಟಾಯರೇ ನುಂಗಿಕೊಂಡು ಹೋಗುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಿಂದ ಇಂಥ ಕಲ್ಲುದಾರಿಯ ಮೇಲೆ 200 ಮೈಲಿಯ ರೇಸ್ ನಡೆಯುತ್ತಿದೆ. 2022ರಲ್ಲಿ ಇಟಲಿಯ ವೆನೆಟೋದಲ್ಲಿ ಇದಕ್ಕೆ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ಆಯಿತು. ಮೋಟಾರು ಬಾರದ ದಾರಿಗಾಗಿ ಅಲ್ಲಿಯವರು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ತಾಸುಗಟ್ಟಲೆ ಹೋಗುತ್ತಾರಂತೆ. ನಮ್ಮಲ್ಲಿ ಅಂಥ ದಾರಿಯನ್ನು ಎತ್ತುಗಳು ಮಾಡಿಟ್ಟು ಎಷ್ಟೋ ಕಾಲವಾಯಿತು. ಅವು ಊರಿನಿಂದ ಊರಿಗೆ ಹೋಗುವ ದಾರಿಗಳಲ್ಲ, ಊರಿನಿಂದ ಹೊಲಕ್ಕೆ ಹೋಗುವವು. ಹೊಲದಲ್ಲಿ ಕೆಲಸವಿಲ್ಲದಾಗ ಅಲ್ಲಿಗೆ ಹೋಗುವವರು ಯಾರು?

ಎರಿ ಸೀಮೆಯಲ್ಲಿ ಅಗೆದರೆ ಮಣ್ಣೇ ಸಿಗುತ್ತದೆ, ಕಲ್ಲು ಸಿಗುವುದಿಲ್ಲ. ಅದಕ್ಕೆ ದಾರಿಗೆ ಹಾಕುವ ಗರಸನ್ನು ದೂರದ ಮಸಾರಿ ದಿಬ್ಬಗಳಿಂದ ಹೇರಿಕೊಂಡು ಬರಬೇಕು. ಹೀಗಾಗಿ ಕಾಡಿಗೆ ಬಣ್ಣದ ಬಯಲಿನ ನಡುವೆ ದಾರಿಯೊಂದೇ ಕೆಂಪಗೆ, ಕಣ್ಣು ಮುಟ್ಟುವ ತನಕ ನೆಟ್ಟಗೆ ಹರಿದಿರುತ್ತದೆ. ನೆಲ ಮಟ್ಟಸವಿದ್ದಲ್ಲಿ ಸೈಕಲ್ ಮೇಲೆ ಕೂತವನ ಕಣ್ಣಿನೆತ್ತರಕ್ಕೆ ದಿಗಂತ ಸುಮಾರು 5 ಕಿಲೋಮೀಟರ್ ದೂರ ಅಂತ ಲೆಕ್ಕ. ಅಲ್ಲಿಗೆ ಹೋಗಿ ನೋಡಿದರೆ ಮತ್ತೆ ಅಷ್ಟೇ ಕೆಂಪು ಗೆರೆ, ಅಷ್ಟೇ ಕರಿ ಬಯಲು. ಪೆಡಲ್ ತುಳಿಯುತ್ತಿದ್ದೇನೋ ಇಲ್ಲವೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ. ಬಿಸಿಲು ಏರಿದ ಮೇಲಂತೂ ದಾರಿಯ ತುದಿಯಲ್ಲಿ ನೀರು ನಿಂತು ಹೊಳೆಯುತ್ತದೆ, ಹತ್ತಿರ ಹೋದರೆ ಹಿಂದಕ್ಕೆ ಸರಿಯುತ್ತದೆ. ಬಿಸಿಲ್ಗುದುರೆಯನ್ನು ನೋಡಲು ಜೈಸಲ್ಮೇರಿಗೆ ಟಿಕೆಟ್ ತೆಗೆಸುವವರು ಒಮ್ಮೆ ಹೆಬಸೂರಿನ ಹೊಲಗಳಿಗೆ ಬರಲಿ.

ಒಂದು ಕಡೆ ಸೈಕಲ್ ಮಲಗಿಸಿ ಹೊಲಕ್ಕೆ ಇಳಿದೆ. ಬಿರುಕುಗಳು! ಮೊಣಕೈ ತನಕ ಕೈ ಇಳಿಸಿದರೂ ತಳ ಮುಟ್ಟಲಿಲ್ಲ, ಬೆರಳಿಗೆ ತಂಪು ಹತ್ತಿತು. ಮೇಲೆ ಕಾದ ಹಂಚು, ಒಳಗೆ ಇನ್ನೂ ಹಸಿ. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಕುಗ್ಗುವಾಗ ಹರಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿ ಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಂದು ಬಿರುಕು ಮುಚ್ಚಿಕೊಂಡಾಗ ಕೆಳಗಿನದು ಒತ್ತಿ ಮೇಲಕ್ಕೆ ಬರುತ್ತದೆ. ನೇಗಿಲಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ಭೂಮಿ ಇದು. ಹಿಂಗಾರಿ ಬೆಳೆ ಮಳೆಯ ಮುಖ ನೋಡದೆ, ಒಳಗೆ ಹಿಡಿದಿಟ್ಟ ಹಸಿಯ ಮೇಲೇ ತೆನೆ ಕಟ್ಟುವುದೂ ಈ ಜೇಡಿಯ ಪುಣ್ಯದಿಂದ. ಗಿಡಗಳು ಮಾತ್ರ ಇಲ್ಲಿ ಅಪರೂಪ. ವರ್ಷವರ್ಷ ಉಬ್ಬಿ ಕುಗ್ಗುವ ನೆಲ ಬೇರನ್ನು ನೆಮ್ಮದಿಯಿಂದ ಇರಗೊಡುವುದಿಲ್ಲ, ಎದ್ದು ನಿಂತದ್ದನ್ನು ಒಕ್ಕಲಿಗನೂ ಬೆಳೆಗೆ ನೆರಳಾಗುತ್ತದೆಂದು ಬಿಡುವುದಿಲ್ಲ.

ಒಡ್ಡಿನ ಮೇಲೆ ಉಳಿದುಕೊಂಡ ಬನ್ನಿ ಗಿಡದ ವಿಷಯ ಬೇರೆ. ದಸರೆಗೆ ನಾವು ಬಂಗಾರ ಅಂತ ಎಲೆ ಹಂಚುವ ಬನ್ನಿಯೇ ರಾಜಸ್ಥಾನದ ಖೇಜಡಿ, ಆ ರಾಜ್ಯದ ರಾಜ್ಯವೃಕ್ಷ. ಥಾರ್ ಮರುಭೂಮಿಯ ಗಿಡ ನಮ್ಮ ಒಡ್ಡಿನ ಮೇಲೆ ನಿಂತಿದೆ ಅಂದಮೇಲೆ ನನ್ನ ಮರುಭೂಮಿಯ ವಾದಕ್ಕೆ ಒಂದು ಸಾಕ್ಷಿಯಾದರೂ ಸಿಕ್ಕಿತು. ಇನ್ನೊಂದು ಸಾಕ್ಷಿ ಟಾಯರಿಗೇ ಅಂಟಿಕೊಂಡಿತ್ತು: ನೆಗ್ಗಿಲ ಮುಳ್ಳು. ಅಮೆರಿಕದ ಪಶ್ಚಿಮದ ಒಣ ನಾಡುಗಳಲ್ಲಿ ಇದನ್ನೇ ‘ಗೋಟ್‌ಹೆಡ್’ ಅನ್ನುತ್ತಾರೆ, ಸೈಕಲ್ಲಿನವರು ಅದರ ಹೆಸರು ಹೇಳಿ ಬೈಯದ ದಿನವಿಲ್ಲ. ನಮ್ಮ ಹಳೆಯ ಪ್ರಪಂಚದಿಂದ ಸಮುದ್ರ ದಾಟಿ ಹೋದ ಮುಳ್ಳು ಅದು. ಟ್ಯೂಬ್ ಇಲ್ಲದ ಟಾಯರಿನೊಳಗೆ ಹಾಲಿನಂಥ ಅಂಟು ಹಾಕುವ ಪದ್ಧತಿ ಇಲ್ಲದಿದ್ದರೆ ಈ ಸೀಮೆಯಲ್ಲಿ ಗಾಳಿ ಹಾಕುವುದೇ ಒಂದು ಉದ್ಯೋಗವಾಗುತ್ತಿತ್ತು. ಜಾಲಿ ಮುಳ್ಳಿನ ಲೆಕ್ಕ ಬೇರೆ.

ಬೆಳಿಗ್ಗೆ ಕಂಡದ್ದನ್ನು ಹೇಳಲೇಬೇಕು. ಸೂರ್ಯ ಇನ್ನೂ ಒಂದು ಮಾರು ಏರಿರಲಿಲ್ಲ. ದೂರದ ಹೊಲದಲ್ಲಿ ಕಂದು ಬೆನ್ನುಗಳು ಕಂಡವು, ಯಾರದೋ ದನ ಅಂದುಕೊಂಡೆ. ಗಾಲಿಯ ಕೆಳಗೆ ಗರಸು ಕರಕರ ಅಂದದ್ದೇ ತಡ, ಒಂದು ತಲೆ ಎತ್ತಿತು, ಆಮೇಲೆ ಎಲ್ಲವೂ. ಚಿಗರಿಗಳು. ಒಂದು ಹೆಣ್ಣು ನಿಂತಲ್ಲಿಂದಲೇ ಮೇಲಕ್ಕೆ ನೆಗೆಯಿತು, ಅದರ ಹಿಂದೆ ಇಡೀ ಹಿಂಡು ನೆಗೆಯುತ್ತ ಓಡಿತು. ಆಮೇಲೆ ಗೊತ್ತಾಯಿತು, ಅಲ್ಲಿ ಗಂಡೂ ಇತ್ತು. ಅದರ ಬೆನ್ನಿನ ಬಣ್ಣ ನೆಲದ ಬಣ್ಣವೇ ಆದ್ದರಿಂದ, ಓಡುವಾಗ ಹೊಟ್ಟೆಯ ಬಿಳುಪು ಮತ್ತು ಸುತ್ತಿಕೊಂಡ ಕೋಡು ಎರಡೇ ಗಾಳಿಯಲ್ಲಿ ತೇಲಿದಂತೆ ಕಂಡವು. ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡಬಲ್ಲ ಪ್ರಾಣಿ ಅದು. ನಾನು ಬಾಯಿ ತೆರೆದು ನಿಂತಷ್ಟರಲ್ಲಿ ದೂಳು ಕೂಡ ಉಳಿದಿರಲಿಲ್ಲ. ನಮ್ಮ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟ ಪುಣ್ಯಾತ್ಮರು ಈ ಓಟ ನೋಡಿಯೇ ಇಟ್ಟಿರಬೇಕು. ಸಿಗ್ನಲ್ಲಿನಲ್ಲಿ ನಿಂತ ಬಸ್ಸನ್ನು ನೋಡಿದವರಿಗೆ ಮಾತ್ರ ಆ ಸಂಬಂಧ ಹೊಳೆಯುವುದು ಕಷ್ಟ.

ಈ ದಾರಿಗಳು ಸದಾ ಹೀಗೆ ನಿರ್ಜನವಾಗಿರಲಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಸೀಮೆಯ ಕಡೆ ತಿರುಗಿ ನೋಡಿದವು. ಎರಿ ಹೊಲದ ಹತ್ತಿ ಚಕ್ಕಡಿ ಏರಿ, ಘಟ್ಟ ಇಳಿದು, ಕುಮಟೆಯ ಬಂದರಿಗೆ ಹೋಯಿತು. ಲಿವರ್‌ಪೂಲ್ ಪೇಟೆಯಲ್ಲಿ ಧಾರವಾಡ, ಕುಮಟಾ ಅನ್ನುವವು ಊರಿನ ಹೆಸರಾಗಿರದೆ ಹತ್ತಿಯ ಜಾತಿಯ ಹೆಸರಾದವು. ಈಗ ಅದೇ ಅಮೆರಿಕದಲ್ಲಿ ಹುಟ್ಟಿದ ಸೈಕಲ್ ಚಾಳಿಯೊಂದನ್ನು ಹಿಡಿದು ನಾನು ಅದೇ ಚಕ್ಕಡಿ ಸೀಮೆಯಲ್ಲಿ ಹೊರಟಿದ್ದೇನೆ. ಲೆಕ್ಕ ಚುಕ್ತಾ ಆಯಿತೋ ಇಲ್ಲವೋ, ಅರ್ಥಶಾಸ್ತ್ರದವರು ಹೇಳಬೇಕು.

ಬೆಣ್ಣಿಹಳ್ಳ ಅಡ್ಡ ಬಂತು. ಮಳೆಗಾಲದಲ್ಲಿ ಹೊಲಕ್ಕೆ ಹೊಲವನ್ನೇ ಮುಳುಗಿಸುವ ಹಳ್ಳ ಬೇಸಿಗೆಯಲ್ಲಿ ಮಡುವುಗಳಾಗಿ ತುಂಡಾಗಿ ಬಿದ್ದಿರುತ್ತದೆ. ನೀರು ಸವಳು. ನವಲಗುಂದದ ಆಚೆ ಇದೇ ಹಳ್ಳದ ದಂಡೆಯ ಮೇಲೆ ಯಮನೂರು ಇದೆ. ಅಲ್ಲಿಯ ಸಂತ ಹಿಂದೂಗಳಿಗೆ ಚಾಂಗದೇವ, ಮುಸಲ್ಮಾನರಿಗೆ ರಾಜಾಬಾಗಸವಾರ, ಗುಡಿ ಮಾತ್ರ ಒಂದೇ. ಹೋಳಿಯ ಹೊತ್ತಿನ ಜಾತ್ರೆಯಲ್ಲಿ ಅಲ್ಲಿ ಎಣ್ಣೆಯ ಬದಲು ಈ ಹಳ್ಳದ ನೀರು ಹಾಕಿ ದೀಪ ಹಚ್ಚುತ್ತಾರೆ ಅನ್ನುವುದು ಭಕ್ತರ ನಂಬಿಕೆ. ಪೇಟೆಯಲ್ಲಿ ಕೇಳಿದ್ದರೆ ನಗುತ್ತಿದ್ದೆನೇನೋ. ಬಿಸಿಲಿನಲ್ಲಿ ಅಷ್ಟು ದೂರ ಬಂದು, ಇಲ್ಲದ ನೀರನ್ನು ಅಷ್ಟು ಸಲ ಕಂಡವನಿಗೆ, ಇದ್ದ ನೀರು ಉರಿಯುತ್ತದೆ ಅಂದರೆ ಜಗಳಾಡುವ ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ಮಲಪ್ರಭಾ ಕಾಲುವೆಯ ದಂಡೆ ಹಿಡಿದೆ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಬರುವ ಕಾಲುವೆ ಇದು. ನೀರು ಬರುವ ಮೊದಲೇ ಕರ ಬಂತು ಅಂತ ಸಿಟ್ಟಿಗೆದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ಆಗಿ, ಆ ಕಿಡಿ ರಾಜ್ಯದ ತುಂಬ ಹಬ್ಬಿತು. ಇವತ್ತಿಗೂ ಆ ದಿನವನ್ನು ನವಲಗುಂದ, ನರಗುಂದದವರು ಹುತಾತ್ಮ ದಿನವೆಂದು ನೆನೆಯುತ್ತಾರೆ. ಕಾಲುವೆಯ ದಂಡೆಯಂತೂ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ: ಏರಿಲ್ಲ, ಇಳಿವಿಲ್ಲ, ಹಾರ್ನ್ ಇಲ್ಲ. ಬಲಕ್ಕೆ ಒಣ ಕಾಲುವೆ, ಎಡಕ್ಕೆ ಬಯಲು. ಗಾಳಿ ಎದುರಾದಾಗ ಮಾತ್ರ ಈ ಬಯಲಿಗೆ ಮರೆ ಅನ್ನುವುದೇ ಇಲ್ಲ ಅಂತ ತೊಡೆಗಳಿಗೆ ತಿಳಿಯಿತು.

ಬನ್ನಿ ಗಿಡದ ನೆರಳಿನಲ್ಲಿ ಒಬ್ಬ ಅಜ್ಜ ಬುತ್ತಿ ಬಿಚ್ಚಿ ಕೂತಿದ್ದ. ಸೈಕಲ್ ನೋಡಿ, ನನ್ನ ಹೆಲ್ಮೆಟ್ಟು ನೋಡಿ, ಮತ್ತೆ ಸೈಕಲ್ ನೋಡಿದ.

“ಯಾವೂರಾಂವೋ ತಮ್ಮಾ?”

“ಹುಬ್ಬಳ್ಳಿ ರೀ ಅಜ್ಜಾ.”

“ಡಾಂಬರ್ ರೋಡ್ ಅಲ್ಲೇ ಐತೆಲ್ಲೊ. ದಾರಿ ತಪ್ಪೀಯೇನ?”

“ಇಲ್ರಿ. ಅಲ್ಲಿ ಲಾರಿ ಬಾಳ. ಇಲ್ಲಿ ಯಾರೂ ಬರಂಗಿಲ್ಲ, ಅದಕ್ಕ ಬಂದೇನಿ.”

“ಯಾರೂ ಬರಂಗಿಲ್ಲ ಅಂತನ ನಾವು ರೋಡ್ ಕೇಳಾಕ್ಹತ್ತೇವಿ!” ಅಂತ ಅಜ್ಜ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ ಅರ್ಧ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟ. ಮಳೆಗಾಲದಲ್ಲಿ ಈ ಎರಿ ಗಾಲಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರೂ ಹೊರಡುವುದಿಲ್ಲವಂತೆ. ಹೆಸರು ಬಿಡಿಸುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ಬೆಳೆ ಹೊಲದಲ್ಲೇ ಮೊಳಕೆ ಒಡೆಯುತ್ತದೆ, ತರಲು ದಾರಿ ಇಲ್ಲ. ‘ನಮ್ಮ ಹೊಲ ನಮ್ಮ ದಾರಿ’ ಅಂತ ಸರಕಾರದ ಯೋಜನೆಯೇನೋ ಇದೆ, ತನ್ನ ಹೊಲದ ತನಕ ಅದು ಇನ್ನೂ ಬಂದಿಲ್ಲ ಅಂದ. ನಾನು ಬೆರಗಿನಿಂದ ನೋಡುತ್ತ ಬಂದ ಕೆಂಪು ದಾರಿ ಜೂನ್ ತಿಂಗಳಿನಿಂದ ಅವನಿಗೆ ಮೊಣಕಾಲುದ್ದದ ರಾಡಿ.

ನೀರು ಕುಡಿದು ಎದ್ದೆ. ಅಜ್ಜ ಟಾಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಮುಂದಿನ ಸುಗ್ಗ್ಯಾಗ ಕಾಂಕ್ರೀಟ್ ಆಗತೈತಂತ ಅಂತಾರ, ಮತ್ತ ಬಾ. ಇಷ್ಟ ದಪ್ಪ ಗಾಲಿ ಬ್ಯಾಡ, ಸಣ್ಣುವು ಹಾಕ್ಕೊಂಡ ಬಾ.”